ಸಿನಿಶಾ ಮಿಹಾಯ್ಲೊವಿಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ನೋಡುವ ಕೆಲವರಿಗೆ ಮಿಹಾಯ್ಲೊವಿಚ್ ಅಂದರೆ ಎಡಗಾಲಿನ ಫ್ರೀ ಕಿಕ್ (ಎದುರಾಳಿ ತಪ್ಪು ಮಾಡಿದಾಗ ಸಿಗುವ ಒದೆತ). ಕೆಲವರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಆಟಗಾರ. ಈಚೆಗೆ ಇಟಲಿಯ ಲೀಗ್ ನೋಡಲು ಶುರು ಮಾಡಿದವರಿಗೆ, ಲುಕೇಮಿಯಾ (ರಕ್ತದ ಕ್ಯಾನ್ಸರ್) ಚಿಕಿತ್ಸೆಯ ನಡುವೆಯೇ ಬೊಲೊನ್ಯಾ ತಂಡದ ಬೆಂಚಿಗೆ ಬಂದ ಕೋಚ್. ಈ ಮೂರೂ ಒಬ್ಬರೇ ಅನ್ನುವುದನ್ನು ಮರೆತರೆ ಅವರು ಅರ್ಥವಾಗುವುದಿಲ್ಲ. ಏನೇ ಬಂದರೂ ಎದುರಿಗೆ ನಿಂತೇ ಮಾತಾಡುವ ಸ್ವಭಾವ ಅವರದು. ಅದು ಅವರನ್ನು ಮೇಲೆತ್ತಿದ್ದೂ ಉಂಟು, ಕೆಡಿಸಿದ್ದೂ ಉಂಟು. ಜನ ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಮಿಹಾಯ್ಲೊವಿಚ್ ಯಾರು? ಚಿಕ್ಕದಾಗಿ ಹೇಳಿ.

1969ರ ಫೆಬ್ರವರಿ 20ರಂದು ಆಗಿನ ಯುಗೊಸ್ಲಾವಿಯದ ವುಕೊವಾರ್‌ನಲ್ಲಿ ಹುಟ್ಟಿದರು. ವೊಯ್ವೊದಿನಾ, ರೆಡ್ ಸ್ಟಾರ್ ಬೆಲ್‌ಗ್ರೇಡ್, ರೋಮಾ, ಸಾಂಪ್ಡೋರಿಯಾ, ಲಾಝಿಯೊ, ಇಂಟರ್ ತಂಡಗಳಿಗೆ ಆಡಿದರು. 2006ರಲ್ಲಿ ಆಟ ನಿಲ್ಲಿಸಿ ಕೋಚಿಂಗ್‌ಗೆ ಬಂದರು. 2022ರ ಡಿಸೆಂಬರ್ 16ರಂದು ರೋಮ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 53 ವರ್ಷ.

ವುಕೊವಾರ್ ಇರುವುದು ಕ್ರೊಯೇಷಿಯದಲ್ಲಿ. ಹಾಗಾದರೆ ಅವರು ಸರ್ಬಿಯನ್ ಹೇಗೆ?

ಅವರ ಅಪ್ಪ ಬೊಗ್ದಾನ್ ಸರ್ಬ್, ಲಾರಿ ಡ್ರೈವರ್. ಅಮ್ಮ ವಿಕ್ಟೋರಿಯಾ ಕ್ರೊಯೇಷಿಯನ್, ಊರಿನ ಶೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಆ ಕಾಲಕ್ಕೆ ಇಂಥ ಮದುವೆ ಆ ಊರಿನಲ್ಲಿ ಯಾರಿಗೂ ವಿಶೇಷ ಅನಿಸುತ್ತಿರಲಿಲ್ಲ. ಎಲ್ಲರೂ ಯುಗೊಸ್ಲಾವಿಯದವರೇ. ಹುಡುಗ ಬೆಳೆದದ್ದು ಆ ಕಾರ್ಖಾನೆಯ ಸುತ್ತ ಹುಟ್ಟಿಕೊಂಡ ಬೊರೊವೊ ಬಡಾವಣೆಯಲ್ಲಿ, ಮೊದಲು ಆಡಿದ್ದು ಅಲ್ಲಿನ ಬೊರೊವೊ ಕ್ಲಬ್ಬಿಗೆ. ದೇಶ ಒಡೆದಾಗ ಅವರು ಸರ್ಬಿಯದ ಕಡೆ ನಿಂತರು, ಅದನ್ನು ಯಾರ ಮುಂದೆಯೂ ಮುಚ್ಚಿಡಲಿಲ್ಲ. ಹಾಗಂತ ಅಮ್ಮನ ಕಡೆಯವರನ್ನು ಬಿಟ್ಟುಕೊಟ್ಟವರೂ ಅಲ್ಲ.

ರೆಡ್ ಸ್ಟಾರ್ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದಾಗ ಇವರ ಪಾತ್ರ ಎಷ್ಟು?

ದೊಡ್ಡದು. 1988ರಲ್ಲಿ ವೊಯ್ವೊದಿನಾ ಸೇರಿ, ಮರುವರ್ಷವೇ ಆ ತಂಡದ ಜತೆ ಯುಗೊಸ್ಲಾವ್ ಲೀಗ್ ಗೆದ್ದರು. 1990-91ರ ಚಳಿಗಾಲದ ಬಿಡುವಿನಲ್ಲಿ ರೆಡ್ ಸ್ಟಾರ್‌ಗೆ ಬಂದರು. ಆಗ ಆಡುತ್ತಿದ್ದದ್ದು ಎಡಬದಿಯ ಮಿಡ್‌ಫೀಲ್ಡ್‌ನಲ್ಲಿ.

ಅವರ ಬೆಲೆ ತಿಳಿಯಬೇಕಾದರೆ 1991ರ ಏಪ್ರಿಲ್ 24ರ ಸೆಮಿಫೈನಲ್ ನೋಡಬೇಕು. ಎದುರಾಳಿ ಬೇಯರ್ನ್ ಮ್ಯೂನಿಕ್. ಮೊದಲ ಪಂದ್ಯವನ್ನು ಮ್ಯೂನಿಕ್‌ನಲ್ಲಿ ರೆಡ್ ಸ್ಟಾರ್ 2-1ರಿಂದ ಗೆದ್ದು ಬಂದಿತ್ತು. ಬೆಲ್‌ಗ್ರೇಡ್‌ನಲ್ಲಿ ಮಿಹಾಯ್ಲೊವಿಚ್ ಫ್ರೀ ಕಿಕ್‌ನಿಂದ ಮೊದಲ ಗೋಲು ಹೊಡೆದಾಗ ಇನ್ನು ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. ಆದರೆ ದ್ವಿತೀಯಾರ್ಧದಲ್ಲಿ ಬೇಯರ್ನ್ ಎರಡು ಗೋಲು ಹಾಕಿ ಒಟ್ಟು ಲೆಕ್ಕವನ್ನು 3-3ಕ್ಕೆ ತಂದಿತು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುವುದರಲ್ಲಿತ್ತು. 90ನೇ ನಿಮಿಷದಲ್ಲಿ ಎಡಗಡೆಯಿಂದ ಮಿಹಾಯ್ಲೊವಿಚ್ ಒಂದು ಕ್ರಾಸ್ ಕೊಟ್ಟರು. ಅದನ್ನು ತಡೆಯಲು ಬೇಯರ್ನ್‌ನ ಆಗೆಂಥಾಲರ್ ಕಾಲು ಚಾಚಿದರು. ಚೆಂಡು ಅವರ ಕಾಲಿಗೆ ತಾಗಿ ಗಾಳಿಗೆ ಎದ್ದು, ಗೋಲ್‌ಕೀಪರ್ ಔಮಾನ್ ಕೈಗೆ ಸಿಕ್ಕಂತೆ ಮಾಡಿ ಸಿಗದೆ ಒಳಗೆ ಇಳಿಯಿತು. ಲೆಕ್ಕದಲ್ಲಿ ಅದು ಆಗೆಂಥಾಲರ್ ಅವರ ಸ್ವಂತ ಗೋಲು. ಆದರೆ ಆ ಹೊತ್ತಿನಲ್ಲಿ ಅಂಥ ಚೆಂಡನ್ನು ಒಳಗೆ ಕಳಿಸಿದ್ದು ಯಾರು ಅನ್ನುವುದನ್ನು ಬೆಲ್‌ಗ್ರೇಡ್ ಮರೆತಿಲ್ಲ.

ಮೇ 29ರಂದು ಇಟಲಿಯ ಬಾರಿಯಲ್ಲಿ ಮಾರ್ಸೆ ವಿರುದ್ಧ ನಡೆದ ಫೈನಲ್ ಮಾತ್ರ ಬೇಸರ ತರಿಸುವ ಆಟ. 120 ನಿಮಿಷ ಆದರೂ ಗೋಲಿಲ್ಲ. ಎದುರಾಳಿಗೆ ಜಾಗ ಕೊಡದೆ ಪೆನಾಲ್ಟಿಯವರೆಗೂ ಎಳೆಯುವುದು ಕೋಚ್ ಲ್ಯುಪ್ಕೊ ಪೆಟ್ರೊವಿಚ್ ಅವರ ಲೆಕ್ಕಾಚಾರ. ಅದು ಫಲಿಸಿತು. ಪೆನಾಲ್ಟಿಯಲ್ಲಿ 5-3. ನಾಲ್ಕನೆಯ ಕಿಕ್ ಮಿಹಾಯ್ಲೊವಿಚ್ ಅವರದು. ಅದೇ ವರ್ಷ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಚಿಲಿಯ ಕೊಲೊ-ಕೊಲೊ ತಂಡವನ್ನು 3-0ಯಿಂದ ಸೋಲಿಸಿ ಇಂಟರ್‌ಕಾಂಟಿನೆಂಟಲ್ ಕಪ್ ಕೂಡ ಗೆದ್ದರು.

ಭಾರತದ ಕೋಚ್ ಆಗಿದ್ದ ಇಗೊರ್ ಸ್ಟಿಮ್ಯಾಚ್ ಜತೆ ಇವರಿಗೆ ಜಗಳ ಇತ್ತಂತೆ, ನಿಜವೇ?

ನಿಜ. ನಮ್ಮ ಕಡೆಯ ಓದುಗರು ತಪ್ಪದೆ ಕೇಳುವ ಪ್ರಶ್ನೆ ಇದು. 2019ರಿಂದ 2024ರವರೆಗೆ ಭಾರತ ತಂಡದ ಕೋಚ್ ಆಗಿದ್ದ ಸ್ಟಿಮ್ಯಾಚ್ ಅವರೇ. 2023ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ತಟ್ಟಿ ಕೆಂಪು ಕಾರ್ಡ್ ಪಡೆದದ್ದನ್ನು ಹಲವರು ಕಣ್ಣಾರೆ ನೋಡಿದ್ದಾರೆ.

ಜಗಳ ನಡೆದದ್ದು 1991ರ ಮೇ 8ರಂದು, ಬೆಲ್‌ಗ್ರೇಡ್‌ನಲ್ಲಿ. ಯುಗೊಸ್ಲಾವ್ ಕಪ್ ಫೈನಲ್, ರೆಡ್ ಸ್ಟಾರ್ ಮತ್ತು ಕ್ರೊಯೇಷಿಯದ ಹೈದುಕ್ ಸ್ಪ್ಲಿಟ್ ನಡುವೆ. ಆರು ದಿನ ಮೊದಲಷ್ಟೇ ಬೊರೊವೊ ಸೆಲೊದಲ್ಲಿ ಕ್ರೊಯೇಷಿಯದ ಪೊಲೀಸರ ಹತ್ಯೆಯಾಗಿತ್ತು. ಅದು ಮಿಹಾಯ್ಲೊವಿಚ್ ಮನೆಯ ಪಕ್ಕದ ಊರು. ಅಪ್ಪ ಅಮ್ಮ ಹೇಗಿದ್ದಾರೋ ಅನ್ನುವ ಆತಂಕದಲ್ಲಿದ್ದವರಿಗೆ ಮೈದಾನದಲ್ಲಿ ಸ್ಟಿಮ್ಯಾಚ್ ಕುಟುಂಬದ ಬಗ್ಗೆ ತಡೆಯಲಾಗದಂಥ ಮಾತು ಹೇಳಿದರು ಎಂಬುದು ಮಿಹಾಯ್ಲೊವಿಚ್ ಮುಂದೆ ಸಂದರ್ಶನಗಳಲ್ಲಿ ಕೊಟ್ಟ ವಿವರಣೆ. ಇಬ್ಬರಿಗೂ ಕೆಂಪು ಕಾರ್ಡ್ ಸಿಕ್ಕಿತು. ಪಂದ್ಯವನ್ನು ಹೈದುಕ್ 1-0ಯಿಂದ ಗೆದ್ದಿತು. ದ್ವೇಷ ಮಾತ್ರ ಇಪ್ಪತ್ತು ವರ್ಷ ಎಳೆಯಿತು.

ಆಮೇಲಿನ ಭಾಗವನ್ನು ಹಲವರು ಹೇಳುವುದೇ ಇಲ್ಲ. 2014ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಕ್ರೊಯೇಷಿಯ, ಸರ್ಬಿಯ ಒಂದೇ ಗುಂಪಿಗೆ ಬಿದ್ದವು. ಕ್ರೊಯೇಷಿಯದ ಕೋಚ್ ಸ್ಟಿಮ್ಯಾಚ್, ಸರ್ಬಿಯದ ಕೋಚ್ ಮಿಹಾಯ್ಲೊವಿಚ್! ಎರಡೂ ಪಂದ್ಯಗಳಿಗೆ ಎದುರಾಳಿ ದೇಶದ ಅಭಿಮಾನಿಗಳನ್ನು ಬಿಡಲಿಲ್ಲ, ಪರಿಸ್ಥಿತಿ ಅಷ್ಟು ಬಿಗಿಯಾಗಿತ್ತು. 2013ರ ಮಾರ್ಚ್ 22ರಂದು ಜಾಗ್ರೆಬ್‌ನಲ್ಲಿ ಕ್ರೊಯೇಷಿಯ 2-0ಯಿಂದ ಗೆದ್ದಿತು. ಸೆಪ್ಟೆಂಬರ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ 1-1. ಆ ಹೊತ್ತಿಗೆ ಇಬ್ಬರೂ ಎಲ್ಲರ ಎದುರಿಗೆ ಕೈ ಕುಲುಕಿ ಹಳೆಯದನ್ನು ಮುಗಿಸಿದ್ದರು. ಆ ಕೈಕುಲುಕು ನನಗೆ ಎರಡೂ ಪಂದ್ಯಗಳ ಫಲಿತಾಂಶಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಯುದ್ಧದಲ್ಲಿ ಅವರ ಮನೆಗೆ ಏನಾಯಿತು? ಆರ್ಕಾನ್ ಜತೆ ಸ್ನೇಹ ಇತ್ತು ಅನ್ನುತ್ತಾರಲ್ಲ?

ಕ್ರೊಯೇಷಿಯ ಬೇರೆಯಾಗುವಾಗ ನಡೆದ ಯುದ್ಧದಲ್ಲಿ, 1991ರ ಮೂರು ತಿಂಗಳ ಮುತ್ತಿಗೆಗೆ ವುಕೊವಾರ್ ನೆಲಸಮವಾಯಿತು. ಅವರ ಮನೆಯೂ ಉಳಿಯಲಿಲ್ಲ. ಆ ಮನೆಯನ್ನು ಹಾಳುಮಾಡಿದವನು ತನ್ನ ಬಾಲ್ಯದ ಕ್ರೊಯೇಷಿಯನ್ ಗೆಳೆಯನೇ ಎಂದು ಮಿಹಾಯ್ಲೊವಿಚ್ ಹೇಳಿದ್ದರು. ಮೊದಲೇ ಎಚ್ಚರಿಕೆ ಕೊಟ್ಟು ತನ್ನ ಅಪ್ಪ ಅಮ್ಮ ಊರು ಬಿಡುವಂತೆ ಮಾಡಿದವನೂ ಅವನೇ ಎಂದೂ ಹೇಳಿದ್ದರು. ಹಾಗಾಗಿ ಅವನ ಮೇಲೆ ಅವರಿಗೆ ಹಗೆ ಇರಲಿಲ್ಲ.

ಆರ್ಕಾನ್ ಅಂದರೆ ಝೆಲ್ಕೊ ರಾಜ್ನಾಟೊವಿಚ್. ರೆಡ್ ಸ್ಟಾರ್ ಅಭಿಮಾನಿಗಳ ನಾಯಕ, ಆಮೇಲೆ ಸರ್ಬ್ ಅರೆಸೇನಾ ಪಡೆಯ ಮುಖ್ಯಸ್ಥ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವನ ಮೇಲೆ ಯುದ್ಧಾಪರಾಧದ ಆರೋಪ ಹೊರಿಸಿತ್ತು. ಅವನ ಪಡೆಗೆ ಸಿಕ್ಕಿಬಿದ್ದ ತನ್ನ ಸೋದರಮಾವನ ಜೀವ ಉಳಿದದ್ದು ಈ ಸ್ನೇಹದಿಂದ ಎಂಬುದು ಮಿಹಾಯ್ಲೊವಿಚ್ ಮಾತು. 2000ದ ಜನವರಿಯಲ್ಲಿ ಆರ್ಕಾನ್ ಕೊಲೆಯಾದಾಗ ಅವರು ಶ್ರದ್ಧಾಂಜಲಿ ಪ್ರಕಟಿಸಿದರು. ಅವನ ಅಪರಾಧಗಳನ್ನು ಸಮರ್ಥಿಸುವುದಿಲ್ಲ, ಆದರೆ ಗೆಳೆಯ ಅನ್ನುವುದನ್ನು ಅಲ್ಲಗಳೆಯುವುದಿಲ್ಲ ಎಂಬ ನಿಲುವನ್ನು ಕೊನೆವರೆಗೂ ಬಿಡಲಿಲ್ಲ. ಮಾವನ ಜೀವ ಉಳಿಸಿದ ಋಣ ನನಗೆ ಅರ್ಥವಾಗುತ್ತದೆ. ಆದರೆ ಆ ಪಡೆಯಿಂದ ಮನೆಯವರನ್ನು ಕಳೆದುಕೊಂಡವರೂ ಅದನ್ನು ಓದಿದರು ಅಲ್ವಾ? ಆ ಶ್ರದ್ಧಾಂಜಲಿ ಬೇಡವಾಗಿತ್ತು.

ಮಿಡ್‌ಫೀಲ್ಡ್‌ನಲ್ಲಿದ್ದವರು ಡಿಫೆಂಡರ್ ಆದದ್ದು ಯಾವಾಗ?

ಸಾಂಪ್ಡೋರಿಯಾದಲ್ಲಿ. 1992ರಲ್ಲಿ ರೋಮಾಗೆ ಬಂದಾಗ ಎಡಬದಿಯಲ್ಲೇ ಆಡುತ್ತಿದ್ದರು, ಆ ಎರಡು ವರ್ಷ ಅಷ್ಟೇನೂ ಮಿಂಚಲಿಲ್ಲ. 1994ರಲ್ಲಿ ಸಾಂಪ್ಡೋರಿಯಾ ಸೇರಿದರು. ಅಲ್ಲಿ ಕೋಚ್ ಸ್ವೆನ್-ಗೊರಾನ್ ಎರಿಕ್ಸನ್ ಅವರನ್ನು ರಕ್ಷಣೆಯ ಮಧ್ಯಕ್ಕೆ ಎಳೆದರು. ಓಟದಲ್ಲಿ ಅವರು ಅಷ್ಟೇನೂ ವೇಗಿ ಅಲ್ಲ. ಆದರೆ ಹಿಂದೆ ನಿಂತರೆ ಇಡೀ ಮೈದಾನ ಕಣ್ಣ ಮುಂದೆ. ಎಡಗಾಲಿನಿಂದ ಐವತ್ತು ಮೀಟರ್ ದೂರದ ಸಹ ಆಟಗಾರನ ಕಾಲಿಗೇ ಚೆಂಡು ಹೋಗುತ್ತಿತ್ತು. ಡಿಫೆಂಡರೇ ತಂಡದ ದಾಳಿ ಶುರು ಮಾಡಬೇಕು ಎಂದು ಈಗ ಎಲ್ಲ ಕೋಚ್‌ಗಳೂ ಬಯಸುತ್ತಾರೆ. ಮಿಹಾಯ್ಲೊವಿಚ್ ಅದನ್ನು ತೊಂಬತ್ತರ ದಶಕದಲ್ಲೇ ಮಾಡುತ್ತಿದ್ದರು.

ಫ್ರೀ ಕಿಕ್ ದಾಖಲೆ ಏನು?

ಇಟಲಿಯ ಮೇಲ್ದರ್ಜೆಯ ‘ಸೀರಿ ಎ’ ಲೀಗ್‌ನಲ್ಲಿ ನೇರ ಫ್ರೀ ಕಿಕ್‌ನಿಂದ 28 ಗೋಲು. ಆ ಲೀಗ್‌ನ ಪಟ್ಟಿಯಲ್ಲಿ ಅವರದೇ ಮೇಲಿನ ಹೆಸರು. ಒಬ್ಬ ಡಿಫೆಂಡರ್ ಬಗ್ಗೆ ಹೇಳುತ್ತಿದ್ದೇವೆ ಅನ್ನುವುದು ನೆನಪಿರಲಿ.

1998ರ ಡಿಸೆಂಬರ್ 13ರಂದು ಲಾಝಿಯೊ ಪರವಾಗಿ, ತಮ್ಮ ಹಳೆಯ ತಂಡ ಸಾಂಪ್ಡೋರಿಯಾ ವಿರುದ್ಧ, ಒಂದೇ ಪಂದ್ಯದಲ್ಲಿ ಮೂರು ಫ್ರೀ ಕಿಕ್ ಗೋಲು ಹೊಡೆದರು. ಲಾಝಿಯೊ 5-2ರಿಂದ ಗೆದ್ದಿತು. ಅವರ ಒದೆತದಲ್ಲಿ ಬಲವೂ ಇತ್ತು, ತಿರುವೂ ಇತ್ತು. ಸಾಮಾನ್ಯವಾಗಿ ಒಂದಿದ್ದರೆ ಇನ್ನೊಂದು ಕಡಿಮೆಯಾಗುತ್ತದೆ. ಚೆಂಡು ಗೋಡೆ ಕಟ್ಟಿ ನಿಂತವರ ತಲೆ ದಾಟಿದ ಮೇಲೆ ಬಾಗುತ್ತಿತ್ತು, ಅಷ್ಟರಲ್ಲಿ ಗೋಲ್‌ಕೀಪರ್ ಒಂದು ಹೆಜ್ಜೆ ಇನ್ನೊಂದು ಕಡೆಗೆ ಇಟ್ಟಾಗಿರುತ್ತಿತ್ತು.

ಆಟಗಾರನಾಗಿ ಇಟಲಿಯಲ್ಲಿ ಏನೇನು ಗೆದ್ದರು?

ಗೆಲುವಿನ ಸುಗ್ಗಿ ಶುರುವಾದದ್ದು 1998ರಲ್ಲಿ ಲಾಝಿಯೊಗೆ ಬಂದ ಮೇಲೆ. ಅಲ್ಲೂ ಎರಿಕ್ಸನ್ ಅವರೇ ಕೋಚ್. 1999ರಲ್ಲಿ ಕಪ್ ವಿನ್ನರ್ಸ್ ಕಪ್, ಅದೇ ವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಸೋಲಿಸಿ ಯುರೋಪಿಯನ್ ಸೂಪರ್ ಕಪ್. 2000ದಲ್ಲಿ ಲೀಗ್ ಮತ್ತು ಕೊಪ್ಪಾ ಇಟಾಲಿಯಾ (ಇಟಲಿಯ ಕಪ್ ಟೂರ್ನಿ) ಎರಡೂ. ಆ ಲೀಗ್ ಗೆಲುವು ಕೊನೆಯ ದಿನದವರೆಗೂ ಹೋಯಿತು. ಪೆರೂಜಾದಲ್ಲಿ ಜಡಿಮಳೆಗೆ ಮೈದಾನ ಕೆರೆಯಂತಾಗಿ, ಪೈಪೋಟಿಯಲ್ಲಿದ್ದ ಯುವೆಂಟಸ್ ಅಲ್ಲಿ 1-0ಯಿಂದ ಸೋತಿತು. ರೋಮ್‌ನಲ್ಲಿ ತಮ್ಮ ಪಂದ್ಯ ಮುಗಿಸಿದ ಲಾಝಿಯೊ ಆಟಗಾರರು ಆ ಫಲಿತಾಂಶಕ್ಕಾಗಿ ಕಾದು ಕೂತಿದ್ದರು. 1974ರ ನಂತರ ಲಾಝಿಯೊಗೆ ಸಿಕ್ಕ ಮೊದಲ ಲೀಗ್ ಅದು.

2004ರಲ್ಲಿ ಗೆಳೆಯ ರೊಬೆರ್ಟೊ ಮಾಂಚಿನಿ ಕೋಚ್ ಆಗಿದ್ದ ಇಂಟರ್ ಸೇರಿ, ಎರಡು ಕೊಪ್ಪಾ ಇಟಾಲಿಯಾ ಗೆದ್ದರು. 2005-06ರ ಲೀಗ್ ಪ್ರಶಸ್ತಿಯೂ ರೆಫರಿಗಳ ನೇಮಕದ ಹಗರಣದ ತನಿಖೆಯ ನಂತರ ಇಂಟರ್‌ಗೆ ಬಂತು.

ಪಾಟ್ರಿಕ್ ವಿಯೆರಾ ಪ್ರಕರಣ ಏನು?

2000ದ ಅಕ್ಟೋಬರ್, ಚಾಂಪಿಯನ್ಸ್ ಲೀಗ್, ಲಾಝಿಯೊ ಮತ್ತು ಆರ್ಸೆನಲ್. ಆರ್ಸೆನಲ್‌ನ ವಿಯೆರಾ ಅವರನ್ನು ಮಿಹಾಯ್ಲೊವಿಚ್ ಬಣ್ಣದ ಹೆಸರು ಹಿಡಿದು ಬೈದರು. ಬೈದದ್ದನ್ನು ಒಪ್ಪಿಕೊಂಡರು. ತನ್ನನ್ನು ಮೊದಲು ಜಿಪ್ಸಿ ಎಂದು ಹೀಯಾಳಿಸಿದರು ಎಂದೂ ಹೇಳಿದರು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಎರಡು ಪಂದ್ಯ ನಿಷೇಧ ಹಾಕಿತು. ಲಾಝಿಯೊದ ಮುಂದಿನ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಮೊದಲು ಮೈದಾನದಲ್ಲಿ ಮೈಕ್ ಹಿಡಿದು ಕ್ಷಮೆ ಕೇಳಿದರು.

2003ರ ನವೆಂಬರ್‌ನಲ್ಲಿ ಚೆಲ್ಸಿಯ ಆಡ್ರಿಯಾನ್ ಮುಟು ಮೇಲೆ ಉಗುಳಿ ಎಂಟು ಪಂದ್ಯಗಳ ನಿಷೇಧ ಅನುಭವಿಸಿದರು. ಇವೆರಡಕ್ಕೂ ಸಮಜಾಯಿಷಿ ಕೊಡಲು ಹೋಗಬಾರದು. ಅವರನ್ನು ಎಷ್ಟೇ ಇಷ್ಟಪಟ್ಟರೂ ತಪ್ಪು ತಪ್ಪೇ.

ರಾಷ್ಟ್ರೀಯ ತಂಡದಲ್ಲಿ?

ಯುಗೊಸ್ಲಾವಿಯ ಪರ 63 ಪಂದ್ಯ, 10 ಗೋಲು. ಆಡುವ ವಯಸ್ಸಿನ ಒಳ್ಳೆಯ ವರ್ಷಗಳು ಯುದ್ಧದಿಂದಾಗಿ ಬಂದ ವಿಶ್ವಸಂಸ್ಥೆಯ ನಿರ್ಬಂಧದಲ್ಲಿ ಕಳೆದವು. 1992ರ ಯುರೋ ಕಪ್‌ನಿಂದ ಯುಗೊಸ್ಲಾವಿಯವನ್ನು ಹೊರಗಿಟ್ಟು ಡೆನ್ಮಾರ್ಕ್ ಕರೆಸಿದರು, ಡೆನ್ಮಾರ್ಕ್ ಕಪ್ಪನ್ನೇ ಗೆದ್ದುಕೊಂಡಿತು.

1998ರ ವಿಶ್ವಕಪ್‌ನಲ್ಲಿ ಇರಾನ್ ವಿರುದ್ಧ ಅವರ ಫ್ರೀ ಕಿಕ್‌ನಿಂದಲೇ 1-0 ಗೆಲುವು. ಜರ್ಮನಿ ವಿರುದ್ಧ 2-0 ಮುಂದಿದ್ದಾಗ ಚೆಂಡು ಇವರಿಗೇ ತಾಗಿ ಸ್ವಂತ ಗೋಲಾಯಿತು, ಪಂದ್ಯ 2-2 ಆಯಿತು. 2000ದ ಯುರೋ ಕಪ್‌ನಲ್ಲಿ ಸ್ಲೊವೇನಿಯ ವಿರುದ್ಧ ಇವರ ತಪ್ಪು ಪಾಸ್‌ನಿಂದ ಮೂರನೇ ಗೋಲು ಬಿತ್ತು, ಸ್ವಲ್ಪ ಹೊತ್ತಿಗೇ ಕೆಂಪು ಕಾರ್ಡ್ ಕೂಡ ಬಂತು. ಹತ್ತು ಜನರ ತಂಡ ಆಮೇಲೆ ಮೂರು ಗೋಲು ಹಾಕಿ 3-3 ಮಾಡಿತು.

ಕೋಚ್ ಆಗಿ ಎಲ್ಲೆಲ್ಲಿ ಕೆಲಸ ಮಾಡಿದರು?

ಮೊದಲ ಎರಡು ವರ್ಷ ಇಂಟರ್‌ನಲ್ಲಿ ಮಾಂಚಿನಿಯ ಸಹಾಯಕ. 2008ರಲ್ಲಿ ಬೊಲೊನ್ಯಾ ಮುಖ್ಯ ಕೋಚ್, ಐದಾರು ತಿಂಗಳಿಗೇ ಕೆಲಸ ಹೋಯಿತು. ಆಮೇಲೆ ಕತಾನಿಯಾ, ಫಿಯೊರೆಂಟಿನಾ, ಸರ್ಬಿಯ ರಾಷ್ಟ್ರೀಯ ತಂಡ, ಸಾಂಪ್ಡೋರಿಯಾ, ಎಸಿ ಮಿಲಾನ್, ತೊರಿನೊ, ಮತ್ತೆ ಬೊಲೊನ್ಯಾ. ಇದರ ನಡುವೆ 2018ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ಕರೆದು, ಅಧ್ಯಕ್ಷರು ಬದಲಾದದ್ದೇ ಒಂಬತ್ತು ದಿನಕ್ಕೆ ಕೈಬಿಟ್ಟಿತು.

ಅವರ ಕೈಚಳಕ ಮೊದಲು ಕಂಡದ್ದು ಕತಾನಿಯಾದಲ್ಲಿ. 2009ರ ಡಿಸೆಂಬರ್‌ನಲ್ಲಿ ಹೋದಾಗ ತಂಡ ಪಟ್ಟಿಯ ತಳದಲ್ಲಿತ್ತು. ಅದೇ ತಿಂಗಳು ಟುರಿನ್‌ಗೆ ಹೋಗಿ ಯುವೆಂಟಸ್ ತಂಡವನ್ನು 2-0ಯಿಂದ ಸೋಲಿಸಿದರು. ಮಾರ್ಚ್‌ನಲ್ಲಿ ಇಂಟರ್ ವಿರುದ್ಧ 3-1. ಆ ಇಂಟರ್ ಅದೇ ವರ್ಷ ಯುರೋಪ್ ಗೆದ್ದ ತಂಡ! ಕತಾನಿಯಾ 13ನೇ ಸ್ಥಾನದಲ್ಲಿ ನೆಮ್ಮದಿಯಾಗಿ ಉಳಿಯಿತು.

ರಾಷ್ಟ್ರಗೀತೆ ಹಾಡದ ಆಟಗಾರನನ್ನು ಹೊರಗೆ ಹಾಕಿದ್ದರಂತೆ?

ಹೌದು, 2012ರ ಮೇ ತಿಂಗಳಲ್ಲಿ. ಸರ್ಬಿಯದ ಕೋಚ್ ಆದ ಕೂಡಲೇ ಆಟಗಾರರಿಂದ ನಡವಳಿಕೆಯ ನಿಯಮಗಳಿಗೆ ಸಹಿ ಹಾಕಿಸಿಕೊಂಡರು. ರಾಷ್ಟ್ರಗೀತೆ ಹಾಡುವುದೂ ಅದರಲ್ಲಿತ್ತು. ನೊವಿ ಪಾಜಾರ್ ಊರಿನ ಮುಸ್ಲಿಂ ಆಟಗಾರ ಆಡೆಮ್ ಲ್ಯಾಯಿಚ್ ಸ್ಪೇನ್ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ಹಾಡಲಿಲ್ಲ, ಮನೆಗೆ ಕಳಿಸಿದರು. ಮಿಶ್ರ ಮನೆಯಲ್ಲಿ ಬೆಳೆದವರೇ ಇಷ್ಟು ಬಿಗಿಯಾದರಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಅದೇ ಲ್ಯಾಯಿಚ್ 2016ರಲ್ಲಿ ತೊರಿನೊದಲ್ಲಿ ಅವರ ಕೈಕೆಳಗೇ ಬಂದು ಆಡಿದರು.

ಗೋಲ್‌ಕೀಪರ್ ಡೊನ್ನಾರುಮ್ಮಾ ಅವರನ್ನು ಬೆಳಕಿಗೆ ತಂದವರು ಇವರೇ ಅಲ್ವಾ?

ಇವರೇ. 2015ರ ಅಕ್ಟೋಬರ್ 25, ಮಿಲಾನ್ ಮತ್ತು ಸಸ್ಸುವೊಲೊ ಪಂದ್ಯ. ರಿಯಲ್ ಮ್ಯಾಡ್ರಿಡ್‌ನಿಂದ ಬಂದಿದ್ದ ಅನುಭವಿ ಡಿಯೆಗೊ ಲೋಪೆಜ್ ಅವರನ್ನು ಕೂರಿಸಿ 16 ವರ್ಷದ ಹುಡುಗನನ್ನು ಗೋಲಿಗೆ ನಿಲ್ಲಿಸಿದರು. ಸೋತಿದ್ದರೆ ಪತ್ರಿಕೆಗಳು ಕೋಚ್ ಅನ್ನು ಹುರಿದು ಮುಕ್ಕುತ್ತಿದ್ದವು. ಮಿಲಾನ್ 2-1ರಿಂದ ಗೆದ್ದಿತು. ಹುಡುಗ ಆ ಜಾಗವನ್ನು ಮತ್ತೆ ಬಿಟ್ಟುಕೊಡಲಿಲ್ಲ. 2021ರಲ್ಲಿ ಇಟಲಿ ಯುರೋ ಕಪ್ ಗೆದ್ದಾಗ ಟೂರ್ನಿಯ ಶ್ರೇಷ್ಠ ಆಟಗಾರ ಅವರೇ.

ಇದಕ್ಕೂ ಹಿಂದಿನ ಒಂದು ಕಥೆ ಇದೆ. 1993ರ ಮಾರ್ಚ್‌ನಲ್ಲಿ ರೋಮಾ ತಂಡದ ಬೆಂಚಿನಲ್ಲಿ ಕೂತಿದ್ದ ಇನ್ನೊಬ್ಬ 16ರ ಹುಡುಗನನ್ನು ಆಡಿಸಿ ಎಂದು ಕೋಚ್ ಬೊಷ್ಕೊವ್‌ಗೆ ಹೇಳಿದ್ದು ಮಿಹಾಯ್ಲೊವಿಚ್ ಅನ್ನುತ್ತಾರೆ. ಆ ಹುಡುಗ ಮುಂದೆ ರೋಮಾದ ದೊಡ್ಡ ತಾರೆಯಾದ ಫ್ರಾಂಚೆಸ್ಕೊ ಟೊಟ್ಟಿ.

ಬೊಲೊನ್ಯಾದಲ್ಲಿ ಏನು ನಡೆಯಿತು? ಕಾಯಿಲೆ ಯಾವಾಗ ಗೊತ್ತಾಯಿತು?

2019ರ ಜನವರಿ ಕೊನೆಗೆ ಬಂದಾಗ ಬೊಲೊನ್ಯಾ 21 ಪಂದ್ಯಗಳಲ್ಲಿ 14 ಅಂಕ ಮಾತ್ರ ಗಳಿಸಿತ್ತು. ಕೆಳಗಿನ ದರ್ಜೆಗೆ ಬೀಳುವುದು ಖಚಿತ ಎಂದು ಊರೇ ಕೈಚೆಲ್ಲಿತ್ತು. ಇವರ ಮೊದಲ ಪಂದ್ಯದಲ್ಲೇ ಇಂಟರ್ ತಂಡವನ್ನು ಅದರ ಮೈದಾನದಲ್ಲೇ ಸೋಲಿಸಿದರು. ಉಳಿದ 17 ಪಂದ್ಯಗಳಲ್ಲಿ 30 ಅಂಕ, ಕೊನೆಗೆ 10ನೇ ಸ್ಥಾನ.

ಜುಲೈ 13ರಂದು ಪತ್ರಿಕಾಗೋಷ್ಠಿ ಕರೆದು ತನಗೆ ಲುಕೇಮಿಯಾ ಇದೆ ಎಂದು ತಾವೇ ಹೇಳಿದರು. ಕಣ್ಣೀರು ಬಂತು. ಇದು ಹೆದರಿಕೆಯ ಕಣ್ಣೀರಲ್ಲ, ಆಟದಲ್ಲಿ ಹೇಗೋ ಹಾಗೆ ಕಾಯಿಲೆಯ ಮೇಲೂ ನಾನೇ ಮುಂದೆ ಹೋಗಿ ದಾಳಿ ಮಾಡುತ್ತೇನೆ ಎಂಬರ್ಥದ ಮಾತು ಹೇಳಿದರು. ಆ ತಿಂಗಳು ಅಭಿಮಾನಿಗಳು ಸಾನ್ ಲೂಕಾ ಬೆಟ್ಟದ ದೇವಾಲಯಕ್ಕೆ ನಡೆದು ಹೋಗಿ ಅವರಿಗಾಗಿ ಪ್ರಾರ್ಥಿಸಿದರು. ಕಮಾನುಗಳ ಕೆಳಗೆ ಸುಮಾರು ನಾಲ್ಕು ಕಿಲೋಮೀಟರ್ ಏರುದಾರಿ ಅದು.

ಆಗಸ್ಟ್ 25ರಂದು ಲೀಗ್ ಶುರುವಾದಾಗ ವೆರೋನಾದ ಮೈದಾನದಲ್ಲಿ ಅವರು ಪ್ರತ್ಯಕ್ಷ! ತಲೆಗೆ ಟೋಪಿ, ಕುತ್ತಿಗೆಗೆ ಬಿಳಿ ಪಟ್ಟಿ, ದೇಹ ಅರ್ಧಕ್ಕೆ ಇಳಿದಿತ್ತು. ಪಂದ್ಯ ಮುಗಿಯುವವರೆಗೂ ಅಲ್ಲೇ ಇದ್ದರು. ಸೆಪ್ಟೆಂಬರ್ 15ರಂದು ಬ್ರೆಷಾದಲ್ಲಿ 3-1ರಿಂದ ಹಿಂದೆ ಬಿದ್ದಿದ್ದ ತಂಡ 4-3ರಿಂದ ಗೆದ್ದಿತು. ಆಟಗಾರರ ಬಸ್ಸು ಮನೆಗೆ ಹೋಗಲಿಲ್ಲ, ನೇರ ಸಾಂತೊರ್ಸೊಲಾ ಆಸ್ಪತ್ರೆಗೆ ಹೋಯಿತು. ಕಿಟಕಿಯ ಕೆಳಗೆ ನಿಂತು ಎಲ್ಲರೂ ಹಾಡಿದರು, ಮೇಲಿನಿಂದ ಕೋಚ್ ಕೈ ಬೀಸಿದರು. ಅಕ್ಟೋಬರ್‌ನಲ್ಲಿ ಅಸ್ಥಿಮಜ್ಜೆ ಕಸಿ ಆಯಿತು. ಗುಣವಾಗಿ ಕೆಲಸಕ್ಕೆ ಮರಳಿದರು.

2022ರ ಮಾರ್ಚ್‌ನಲ್ಲಿ ಕಾಯಿಲೆ ಮರುಕಳಿಸುವ ಸೂಚನೆ ಕಂಡಿತು, ಮತ್ತೆ ಆಸ್ಪತ್ರೆ. ಹೊಸ ಋತು ಕೆಟ್ಟದಾಗಿ ಶುರುವಾದಾಗ ಸೆಪ್ಟೆಂಬರ್ 6ರಂದು ಕ್ಲಬ್ ಅವರನ್ನು ಬಿಡುಗಡೆ ಮಾಡಿತು. ಮೂರು ತಿಂಗಳಲ್ಲಿ ಅವರು ಇರಲಿಲ್ಲ.

ಕೋಚ್ ಆಗಿ ಒಂದು ಕಪ್ಪೂ ಗೆಲ್ಲಲಿಲ್ಲ. ಆದರೂ ಒಳ್ಳೆಯ ಕೋಚ್ ಅನ್ನಬಹುದಾ?

ಮುಖ್ಯ ಕೋಚ್ ಆಗಿ ಕಪ್ ಇಲ್ಲ, ನಿಜ. ಮಿಲಾನ್ ತಂಡವನ್ನು ಕೊಪ್ಪಾ ಇಟಾಲಿಯಾ ಫೈನಲ್‌ಗೆ ತಂದರೂ, ಫೈನಲ್‌ಗೆ ಮೊದಲೇ 2016ರ ಏಪ್ರಿಲ್‌ನಲ್ಲಿ ಅವರನ್ನು ತೆಗೆದರು. ದೊಡ್ಡ ಕ್ಲಬ್ಬಿನಲ್ಲಿ ಅದೃಷ್ಟ ಅವರ ಕೈಹಿಡಿದದ್ದು ಕಡಿಮೆ.

ಆದರೆ ಮುಳುಗುವ ತಂಡವನ್ನು ಋತುವಿನ ನಡುವೆ ಹಿಡಿದು ಮೇಲೆತ್ತುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಕತಾನಿಯಾ, ಬೊಲೊನ್ಯಾ ಎರಡೂ ಅದಕ್ಕೆ ಸಾಕ್ಷಿ. ಸಾಂಪ್ಡೋರಿಯಾವನ್ನೂ ನಡುವೆ ವಹಿಸಿಕೊಂಡು, 2014-15ರಲ್ಲಿ 7ನೇ ಸ್ಥಾನಕ್ಕೆ ಒಯ್ದರು. ಬೊಲೊನ್ಯಾದಲ್ಲಿ ಬೆಳೆಸಿದ ಜಪಾನಿನ ತೊಮಿಯಾಸು ಆರ್ಸೆನಲ್‌ಗೆ ಹೋದರು, ಸ್ಕಾಟ್ಲೆಂಡಿನ ಹಿಕಿ ಬ್ರೆಂಟ್‌ಫರ್ಡ್‌ಗೆ ಹೋದರು. 2025ರ ಮೇನಲ್ಲಿ ಬೊಲೊನ್ಯಾ ಕೊಪ್ಪಾ ಇಟಾಲಿಯಾ ಗೆದ್ದಾಗ ಮೈದಾನದಲ್ಲಿದ್ದ ಒರ್ಸೊಲಿನಿ ಅವರ ಕಾಲದಲ್ಲೇ ಅರಳಿದ ಆಟಗಾರ. ನನ್ನ ಮಟ್ಟಿಗೆ ಉತ್ತರ: ಹೌದು, ಒಳ್ಳೆಯ ಕೋಚ್.

ಹೊಸಬರು ಯಾವ ಪಂದ್ಯದಿಂದ ನೋಡಲು ಶುರು ಮಾಡಬೇಕು?

ಮೊದಲು 1991ರ ಬೇಯರ್ನ್ ಸೆಮಿಫೈನಲ್, ಪೂರ್ತಿ 90 ನಿಮಿಷ. ಬಾರಿಯ ಫೈನಲ್ ಬಿಟ್ಟರೂ ನಡೆಯುತ್ತದೆ, ಪೆನಾಲ್ಟಿಗಳು ಸಾಕು. ಆಮೇಲೆ ಸಾಂಪ್ಡೋರಿಯಾ ವಿರುದ್ಧದ ಆ ಮೂರು ಫ್ರೀ ಕಿಕ್. ಅವನ್ನು ನೋಡುವಾಗ ಚೆಂಡಿನ ಹಿಂದೆ ಹೋಗದೆ, ಒಮ್ಮೆ ಗೋಲ್‌ಕೀಪರ್ ಕಾಲುಗಳನ್ನು ಮಾತ್ರ ಗಮನಿಸಿ.